ಏರ್ ಪ್ಯೂರಿಫೈಯರ್ ಮೂರು ವರ್ಷ ಓಡ್ಸಿದ ಮೇಲೆ: ಮಷಿನ್ ಬಿಡಿ, ಫಿಲ್ಟರ್ ನೋಡಿ ಮಾರಾಯ್ರೆ

ನಾವಿರೋದು ಮುಂಬೈ ಚೆಂಬೂರಿನ ತಿಲಕ್‌ನಗರದಲ್ಲಿ. ಪಕ್ಕದ ಬಿಲ್ಡಿಂಗ್ ರೀಡೆವಲಪ್‌ಮೆಂಟಿಗೆ ಅಂತ ಒಡೀಲಿಕ್ಕೆ ಶುರು ಮಾಡಿದ್ರು, ಬೆಳಿಗ್ಗೆ ಒರೆಸಿದ ಟೇಬಲ್ ಮೇಲೆ ಮಧ್ಯಾಹ್ನ ಬೆರಳಲ್ಲಿ ಹೆಸರು ಬರೀಬಹುದಿತ್ತು, ಅದ್ರ ಮೇಲೆ ಮಗನಿಗೆ ರಾತ್ರಿಯಿಡೀ ಕೆಮ್ಮು. ಹಾಗೆ 2021ರ ದೀಪಾವಳಿ ಸೇಲಲ್ಲಿ 11,000 ಕೊಟ್ಟು ತಗೊಂಡದ್ದು. ಯಾವ ಕಂಪನಿ ಅಂತ ಕೇಳ್ಬೇಡಿ, ಒಳಗಿರೋದು ಒಂದು ಫ್ಯಾನು, ಕೆಲಸ ಮಾಡೋದೆಲ್ಲ ಫಿಲ್ಟರ್.

ಫಿಲ್ಟರ್ ಮೇಲೆ ಎಚ್13 ಅಂತ ಉಂಟಾ ನೋಡಿ, ಅದು ಹೆಪಾ, ಅಂದ್ರೆ ಸಣ್ಣ ಧೂಳೂ ಹಿಡಿಯೋ ಫಿಲ್ಟರಿನ, ಒಂದು ದರ್ಜೆ. ಯುರೋಪಿನವರ ಲೆಕ್ಕದಲ್ಲಿ, ಹಿಡೀಲಿಕ್ಕೆ ಎಲ್ಲಕ್ಕಿಂತ ಕಷ್ಟದ ಸೈಜಿನ ಕಣವನ್ನೂ ಅದು 99.95% ನಿಲ್ಲಿಸ್ಬೇಕು. ಅಮೆರಿಕದವರದ್ದು 0.3 ಮೈಕ್ರಾನಿಗೆ 99.97%. ಬರೀ ‘ಹೆಪಾ ಟೈಪ್’ ಅಂತ ಇದ್ರೆ ಅದಕ್ಕೆ ಅಳತೆಯೇ ಇಲ್ಲ, ಮೋಸ ಹೋಗ್ಬೇಡಿ. 0.3ಕ್ಕಿಂತ ಸಣ್ಣದು ತೂರಿ ಹೋಗ್ತದಲ್ಲ ಅಂತ ನಾನೂ ಅಂದ್ಕೊಂಡಿದ್ದೆ, ಆದ್ರೆ ಇದು ಹಿಟ್ಟು ಜರಡಿ ಹಿಡಿದ ಹಾಗಲ್ಲ. ತೀರಾ ಸಣ್ಣದು ಗಾಳಿಯಲ್ಲಿ ಅತ್ತಿತ್ತ ಒದ್ದಾಡ್ತಾ ಯಾವುದಾದ್ರೂ ಎಳೆಗೆ ತಾಗಿ ಅಂಟಿಕೊಳ್ತದೆ, ದೊಡ್ಡದು ನೇರ ಹೋಗಿ ಗುದ್ದುತ್ತದೆ, ತಪ್ಪಿಸಿಕೊಳ್ಳೋದು ನಡುವಿನದ್ದೇ.

ರೂಮಿನ ಸೈಜೂ ನೋಡ್ಬೇಕು. ನಮ್ಮ ಬೆಡ್‌ರೂಮ್ 12ಕ್ಕೆ 10, ಎತ್ತರ 9 ಅಡಿ, ಅಂದ್ರೆ ಸುಮಾರು 30 ಘನ ಮೀಟರ್. ಮಷಿನ್ ಗಂಟೆಗೆ 250 ಘನ ಮೀಟರ್ ಗಾಳಿ ಸಾಫ್ ಮಾಡ್ತದೆ, ಸಾಕಾಗಿ ಮಿಕ್ತದೆ. ಹಾಲಿಗೆ ತಂದಿಟ್ರೆ ದಂಡ, ಅಡುಗೆಮನೆ, ಬಾಲ್ಕನಿ ಎಲ್ಲ ಒಂದೇ ಅಲ್ವಾ.

ಮೊದಲನೇ ಫಿಲ್ಟರ್ ಸತ್ತದ್ದು ನೀರಿಗೆ. ಮುಂದಿನ ಜಾಲರಿ ತೊಳೀರಿ ಅಂತ ಕೆಲಸದ ಬಾಯಿಗೆ ಹೇಳಿದ್ದೆ, ಅವ್ರು ಪಾಪ ಒಳಗಿಂದನ್ನೂ ಸರ್ಫ್ ಹಾಕಿ ಉಜ್ಜಿ, ‘ಭಾಭೀ, ಏಕ್‌ದಮ್ ಸಾಫ್’ ಅಂತ ಬಾಲ್ಕನಿಯಲ್ಲಿ ಒಣಗ್ಲಿಕ್ಕೆ ಇಟ್ಟಿದ್ರು. ಎಳೆಗಳೆಲ್ಲ ಮುದ್ದೆ. ಬಿಸಾಡೋ ಮೊದ್ಲು ಮಗ ಮಡಿಕೆ ಬಿಡಿಸಿ ನೆಲಕ್ಕೆ ಹಾಸಿದ, ಬೆಡ್‌ರೂಮಿಂದ ಶುರುವಾಗಿ ಮೇನ್ ಡೋರ್ ತನಕ ಬಂತು! ಈಗ ಫಿಲ್ಟರ್ ಮೇಲೆ ದಪ್ಪ ಮಾರ್ಕರಲ್ಲಿ ಮರಾಠಿಯಲ್ಲಿ ‘ಧುವೂ ನಕಾ’ (ತೊಳೀಬೇಡಿ) ಅಂತ ಬರ್ದಿಟ್ಟಿದ್ದೇನೆ.

ಎರಡನೇದ್ದು ನನ್ನ ಜಿಪುಣತನ. ಒರಿಜಿನಲ್ 2,400, ಆನ್‌ಲೈನಲ್ಲಿ 900ಕ್ಕೆ ಒಂದು ‘ಕಂಪಾಟಿಬಲ್’ ಸಿಕ್ತು. ಕೈಯಲ್ಲಿ ಹಿಡಿದಾಗ್ಲೇ ಹಗುರ, ಮಡಿಕೆ ಅರ್ಧಕ್ಕರ್ಧ ಕಮ್ಮಿ. ಎರಡು ತಿಂಗಳು ಬಿಟ್ಟು ತೆಗ್ದು ನೋಡಿದ್ರೆ ಮಧ್ಯದಲ್ಲಿ ಬೆಳ್ಳಗೆ, ಅಂಚಿನ ಸ್ಪಂಜಿನ ಹಿಂದೆ ಕಪ್ಪು ಗೆರೆ. ಗಾಳಿ ಫಿಲ್ಟರೊಳಗೆ ಹೋಗ್ಲೇ ಇಲ್ಲ, ಸಂದಿಯಿಂದ ಸುತ್ತಿ ಹೋಗಿದೆ. ನನ್ನ ಮೈದುನ ಔಷಧಿ ಫ್ಯಾಕ್ಟರಿಯಲ್ಲಿ ಇರೋದು, ಅವ್ನು ನೋಡಿ ನಕ್ಕ. ಅಲ್ಲಿ ಸೀಲಿಂಗಿಗೆ ಎಚ್14 ಫಿಲ್ಟರ್ ಹಾಕಿದ ಮೇಲೆ ಹೊಗೆ ಬಿಟ್ಟು ಅಂಚಲ್ಲಿ ಲೀಕ್ ಉಂಟಾ ಅಂತ ಇಂಚಿಂಚು ನೋಡ್ತಾರಂತೆ, ಅದು 99.995%ದು. ಕಂಪ್ಯೂಟರ್ ಚಿಪ್ ಮಾಡೋ ಕಡೆ ಉಲ್ಪಾ ಅಂತ ಇನ್ನೂ ಬಿಗಿಯಾದ್ದು ಹಾಕ್ತಾರೆ. ಮನೆಗೆ ಅದೆಲ್ಲ ಬೇಡ ಅತ್ತಿಗೆ, ಅಂಚು ಸರಿ ಕೂತ್ರೆ ಎಚ್13 ಧಾರಾಳ ಅಂದ.

ವಾಸನೆ ವಿಷಯದಲ್ಲಿ ಆಸೆ ಇಟ್ಕೊಳ್ಬೇಡಿ. ಹೆಪಾ ಧೂಳು ಹಿಡೀತದೆ, ಪೈಂಟ್ ವಾಸನೆ, ಗಟರ್ ವಾಸನೆಗೆ ಕಾರ್ಬನ್ ಬೇಕು, ಇದ್ರಲ್ಲಿ ಕಾರ್ಬನ್ ಅಂದ್ರೆ ಒಂದು ತೆಳು ಕಪ್ಪು ಬಟ್ಟೆ. ಒಣಮೆಣಸು ಒಗ್ಗರಣೆಗೆ ಬಿದ್ದ ಕೂಡ್ಲೆ ಬೆಡ್‌ರೂಮಲ್ಲಿ ಇದು ಕೆಂಪು ಲೈಟ್ ಹಾಕಿ ಬೊಬ್ಬೆ ಹೊಡೀತದೆ, ಧೂಳಿನ ಮೀಟರ್ ಅರ್ಧ ಗಂಟೆಯಲ್ಲಿ ಕೆಳಗೆ ಬರ್ತದೆ, ಘಾಟು ಮಾತ್ರ ಅಲ್ಲೇ. ಗಾಳಿಗೆ ವಿದ್ಯುತ್ ಕಣ ಬಿಡೋ ಅಯಾನೈಸರ್ ಬಟನ್ ನಾನು ಮುಟ್ಟೋದೇ ಇಲ್ಲ, ಅಂಥದ್ರಿಂದ ಗಂಟಲು ಕೆರಳಿಸೋ ಓಝೋನ್ ಗ್ಯಾಸ್ ಬರ್ಲಿಕ್ಕುಂಟು, ಕೆಮ್ಮೋ ಮಗು ಇರೋ ಮನೆಗೆ ಅದು ಯಾಕೆ.

ಮಗ ನವೆಂಬರಿಂದ ಫೆಬ್ರವರಿ ತನಕ ಈಗ ನಿದ್ದೆ ಮಾಡ್ತಾನೆ, ಅದಕ್ಕೇ ನಾಲ್ಕು ಸ್ಟಾರ್. ಒಂದು ಕಟ್ ಮಾಡಿದ್ದು ‘ಫಿಲ್ಟರ್ ಬದಲಾಯಿಸಿ’ ಲೈಟಿಗೆ, ಅದು ಕೊಳೆ ನೋಡೋದೇ ಇಲ್ಲ, ಓಡಿದ ಗಂಟೆ ಎಣಿಸ್ತದೆ ಅಷ್ಟೆ. ಹೊಸ ಫಿಲ್ಟರ್ ಹಾಕಿ ರೀಸೆಟ್ ಒತ್ಲಿಕ್ಕೆ ಮರ್ತು ನಾನು ಒಂದು ವಾರ ಸರ್ವಿಸ್ ಸೆಂಟರಿಗೆ ಫೋನ್ ಮಾಡಿ ಜಗಳ ಆಡಿದ್ದೇನೆ.