ಕಿಟಕಿ ಬದಲಿಸುವ ಮೊದಲು ಈ ತಪಾಸಣೆ ಮಾಡಿಸಿ

ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಹಳೆಯ ಮನೆ ಕೊಂಡ ಕನ್ನಡಿಗರು ಯಾರೇ ಸಿಗಲಿ, ನಾನು ಮೊದಲು ಹೇಳುವುದು ಹೋಮ್ ಎನರ್ಜಿ ಸ್ಕ್ವಾಡ್ ವಿಷಯ. ನಮಗೆ ವಿದ್ಯುತ್ತು ಕೊಡುವ ಎಕ್ಸೆಲ್ ಎನರ್ಜಿ, ಅನಿಲ ಕೊಡುವ ಸೆಂಟರ್‌ಪಾಯಿಂಟ್ ಎನರ್ಜಿ ಎರಡೂ ಸೇರಿ ಒದಗಿಸುವ, ಮನೆಯ ಬಿಸಿ ಎಲ್ಲೆಲ್ಲಿ ಸೋರುತ್ತಿದೆ ಎಂದು ನೋಡುವ ತಪಾಸಣೆ ಇದು.

ನಮ್ಮದು ನಗರದ ದಕ್ಷಿಣ ಭಾಗದಲ್ಲಿ 1920ರ ದಶಕದಲ್ಲಿ ಕಟ್ಟಿದ ಒಂದೂವರೆ ಅಂತಸ್ತಿನ ಮನೆ. ಮೇಲಿನ ಕೋಣೆ ಛಾವಣಿಯ ಇಳಿಜಾರಿನೊಳಗೇ ಸೇರಿಕೊಂಡಿದೆ. ಜನವರಿಯಲ್ಲಿ ಹೊರಗೆ ಮೈನಸ್ 25 ಡಿಗ್ರಿಯಾದರೆ ಊಟದ ಮೇಜಿನ ಕೆಳಗೆ ಪಾದಗಳು ಮರಗಟ್ಟುತ್ತಿದ್ದವು. ಸೂರಿನಂಚಿನಲ್ಲಿ ಮಂಜುಗಡ್ಡೆ ದಪ್ಪಗೆ ಕಟ್ಟುತ್ತಿತ್ತು. ಕಿಟಕಿ ಮಾರುವವನೊಬ್ಬ ಬಂದು, ಎಲ್ಲವನ್ನೂ ಬದಲಿಸಲೇಬೇಕೆಂದು ಸಾವಿರಾರು ಡಾಲರಿನ ಅಂದಾಜು ಪಟ್ಟಿ ಬರೆದುಕೊಟ್ಟಿದ್ದ.

ತಪಾಸಣೆಯ ಜೀವಾಳ ಬ್ಲೋವರ್ ಡೋರ್ ಪರೀಕ್ಷೆ. ಮುಂಬಾಗಿಲಿಗೆ ಬಟ್ಟೆಯ ಪರದೆ ಬಿಗಿದು, ಅದರಲ್ಲಿ ದೊಡ್ಡ ಫ್ಯಾನ್ ಕೂರಿಸಿ, ಮನೆಯ ಗಾಳಿಯನ್ನು ಹೊರಗೆಳೆಯುತ್ತಾರೆ. ಒಳಗಿನ ಒತ್ತಡ ಹೊರಗಿನದಕ್ಕಿಂತ 50 ಪ್ಯಾಸ್ಕಲ್ ಇಳಿದಾಗ ಎಲ್ಲ ಬಿರುಕುಗಳಿಂದಲೂ ಗಾಳಿ ನುಗ್ಗುತ್ತದೆ. ದೇವರ ಕಪಾಟಿನ ಹಿಂದಿನ ಪ್ಲಗ್ಗಿನ ಬಳಿ ಅಗರಬತ್ತಿ ಹಿಡಿದೆ. ಹೊಗೆ ಅಡ್ಡಡ್ಡ ಹಾರಿತು. ತಂತ್ರಜ್ಞೆಯ ಕೈಯಲ್ಲಿದ್ದ ಇನ್‌ಫ್ರಾರೆಡ್ ಕ್ಯಾಮೆರಾದಲ್ಲಿ ತಣ್ಣನೆಯ ಜಾಗಗಳು ನೀಲಿಯಾಗಿ ಕಾಣುತ್ತಿದ್ದವು. ಕಿಟಕಿಗಳ ಸುತ್ತ ತೆಳು ನೀಲಿಗೆರೆಗಳಿದ್ದವು, ನಿಜ. ಆದರೆ ಅಟ್ಟದ ಮುಚ್ಚಳ, ಚಿಮಣಿಯ ಸುತ್ತಲಿನ ಸಂದು, ನೆಲಮಾಳಿಗೆಯ ಗೋಡೆಯ ಮೇಲೆ ತೊಲೆಗಳು ಕೂರುವ ಅಂಚು ಕಡುನೀಲಿಯಾಗಿದ್ದವು.

ಮಲೆನಾಡಿನಲ್ಲಿ ಮಳೆಗಾಲಕ್ಕೆ ಮುಂಚೆ ಇರಚಲು ಹೊಡೆಯುವ ದಿಕ್ಕಿಗೆ ಜಡಿ ಕಟ್ಟುವುದನ್ನು ನೋಡಿ ಬೆಳೆದವಳು ನಾನು. ಅಲ್ಲಿ ತಡೆಯಬೇಕಾದದ್ದು ಹೊರಗಿನಿಂದ ಬರುವುದನ್ನು. ಇಲ್ಲಿ ಮೊದಲು ತಡೆಯಬೇಕಾದದ್ದು ಒಳಗಿನಿಂದ ಹೋಗುವುದನ್ನು. ಬಿಸಿಗಾಳಿ ಮೇಲೇರಿ ಅಟ್ಟದಿಂದ ಪಾರಾಗುತ್ತದೆ. ಆ ಜಾಗ ತುಂಬಲು ನೆಲಮಾಳಿಗೆಯ ಸಂದುಗಳು ಚಳಿಗಾಳಿಯನ್ನು ಎಳೆದುಕೊಳ್ಳುತ್ತವೆ. ಅಟ್ಟ ಸೇರಿದ ಬಿಸಿ ಛಾವಣಿಯ ಹಿಮವನ್ನು ಕರಗಿಸುತ್ತದೆ, ಆ ನೀರು ತಣ್ಣನೆಯ ಸೂರಂಚಿಗೆ ಇಳಿದು ಮತ್ತೆ ಹೆಪ್ಪುಗಟ್ಟುತ್ತದೆ. ಕಾಲಿನ ಚಳಿಗೂ ಸೂರಿನ ಗಡ್ಡೆಗೂ ಮೂಲ ಒಂದೇ ಎಂದು ತಂತ್ರಜ್ಞೆ ತಾಳ್ಮೆಯಿಂದ ವಿವರಿಸಿದ್ದು ನನಗೆ ತುಂಬ ಹಿಡಿಸಿತು.

ಹೊರಬಾಗಿಲ ಅಂಚಿಗೆ ರಬ್ಬರ್ ಪಟ್ಟಿಯನ್ನು ಅವರೇ ಹಾಕಿಕೊಟ್ಟರು. ಮನೆ ಬೆಚ್ಚಗಿಡುವ ಫರ್ನೇಸನ್ನೂ ನೀರು ಕಾಯಿಸುವ ಯಂತ್ರವನ್ನೂ ಸುರಕ್ಷತೆಗಾಗಿ ಪರೀಕ್ಷಿಸಿದರು. ಸಂದು ಮುಚ್ಚಿ, ಬಿಸಿ ಹೊರಹೋಗದಂತೆ ತಡೆಯುವ ಇನ್ಸುಲೇಷನ್ ತುಂಬುವ ಕೆಲಸ ಮಾತ್ರ ಈ ಭೇಟಿಯಲ್ಲಿ ಸೇರಿಲ್ಲ; ಅದಕ್ಕೆ ಬೇರೆ ಗುತ್ತಿಗೆದಾರರು ಬೇಕು. ಅವರಿಗೆ ಒಂದು ಮಾತು ಕಡ್ಡಾಯವಾಗಿ ಹೇಳಿ: ಮೊದಲು ಸಂದು, ಆಮೇಲೆ ಇನ್ಸುಲೇಷನ್. ತೆರೆದ ಸಂದುಗಳ ಮೇಲೆ ಎಷ್ಟು ಸುರಿದರೂ ಗಾಳಿ ಅದರ ನಡುವೆಯೇ ದಾರಿ ಮಾಡಿಕೊಳ್ಳುತ್ತದೆ.

ನಾವು ಕಿಟಕಿಯ ಹಣದ ಸ್ವಲ್ಪ ಭಾಗದಲ್ಲೇ ಆ ಎರಡನ್ನೂ ಮುಗಿಸಿದೆವು. ಊಟದ ಕೋಣೆಯಲ್ಲಿ ಈಗ ಮಕ್ಕಳು ಬರಿಗಾಲಿನಲ್ಲಿ ಕೂರುತ್ತಾರೆ.

ನಿಮ್ಮ ಅಟ್ಟದಲ್ಲಿ ಹೊಳೆಯುವ ಹರಳಿನಂಥ ವರ್ಮಿಕ್ಯುಲೈಟ್ ಎಂಬ ಹಳೆಯ ಇನ್ಸುಲೇಷನ್ ಕಂಡರೆ ಕೆದಕಬೇಡಿ, ಅದರಲ್ಲಿ ಶ್ವಾಸಕೋಶಕ್ಕೆ ಅಪಾಯಕಾರಿಯಾದ ಆಸ್ಬೆಸ್ಟಾಸ್ ಇರಬಹುದು. ತಪಾಸಣೆಗೆ ಸಮಯ ಗೊತ್ತುಮಾಡುವಾಗಲೇ ಅದನ್ನು ತಿಳಿಸಿ. ಸೆಪ್ಟೆಂಬರಿನಲ್ಲೇ ಕರೆಸಿಕೊಂಡರೆ ಒಳ್ಳೆಯದು. ತಪಾಸಣೆಯ ನಂತರ ಗುತ್ತಿಗೆದಾರರ ಸರದಿಗೂ ಕಾಯಬೇಕು, ನವೆಂಬರಿಗೆ ಇಲ್ಲಿ ಹಿಮ ಶುರುವಾಗಿರುತ್ತದೆ.