ಚೋರ್ ಬಜಾರಿನ ಹಳೆ ಕಾಗದದಂಗಡಿ: ಕಾರಿನ ಹುಚ್ಚಿದ್ದರೆ ಹೋಗಿ

ಮುಂಬೈಯ ಚೋರ್ ಬಜಾರಿನಲ್ಲಿ ಕಾರ್ ಕಂಪನಿಗಳ ಹಳೆ ಕಾಗದ ಎಲ್ಲಿ ಸಿಗುತ್ತೆ ಅಂತ ಮಾಟುಂಗಾದ ಕನ್ನಡ ಗೆಳೆಯರು ಕೇಳುತ್ತಲೇ ಇದ್ದರು, ಅದಕ್ಕೇ ಬರೆಯುತ್ತಿದ್ದೇನೆ. ಮಟನ್ ಸ್ಟ್ರೀಟಿನ ಈ ಅಂಗಡಿಗೆ ಬೋರ್ಡೇ ಇಲ್ಲ. ಮುಂದೆ ಬರೀ ಗ್ರಾಮಫೋನು, ಹಿತ್ತಾಳೆ ದೀಪ. ಒಳಗಿನ ಮೂಲೆಯಲ್ಲಿ ಮಾತ್ರ ಕಾರ್ ಕಂಪನಿಗಳ ಹಳೆ ಕಾಗದದ ಕಟ್ಟುಗಳಿವೆ. ಮುಂಬೈಯಲ್ಲಿ ಸಿಗದೆ ಇನ್ನೆಲ್ಲಿ ಸಿಗಬೇಕು ಹೇಳಿ, ಜನರಲ್ ಮೋಟರ್ಸ್ 1928ರಲ್ಲೇ ಇಲ್ಲಿನ ಶಿವಡಿಯಲ್ಲಿ ಕಾರು ಜೋಡಿಸಲು ಶುರು ಮಾಡಿ 1954ರಲ್ಲಿ ಬಾಗಿಲು ಹಾಕಿತು, ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರ ಪ್ರೀಮಿಯರ್ ಕಾರ್ ಕಂಪನಿ ಇಲ್ಲೇ ಹುಟ್ಟಿದ್ದು 1944ರಲ್ಲಿ.

ನಾನು ಕೊಂಡಿದ್ದು ಷೆವರ್ಲೆ ಬಿಡಿಭಾಗದ ಒಂದು ಬಿಲ್ಲು. ನೇರಳೆ ಅಕ್ಷರದ ಕಾರ್ಬನ್ ಪ್ರತಿ, ಮೂಲೆಯಲ್ಲಿ ತುಕ್ಕು ಹಿಡಿದ ಗುಂಡುಪಿನ್ನು, ರೂಪಾಯಿ ಪಕ್ಕದಲ್ಲಿ ಆಣೆ, ಪೈ. ಹಿಂದೆ ಬೆರಳಾಡಿಸಿದರೆ ಟೈಪ್‌ರೈಟರ್ ಒತ್ತಿದ ಗುರುತು ಸಿಗುತ್ತದೆ. ಖುಷಿಯಾಯಿತು.

ಆದರೆ ಸ್ವಲ್ಪ ಹುಷಾರು. "ಫಿಫ್ಟೀಸ್‌ದು ಸಾಬ್" ಅಂತ ತೋರಿಸಿದ ಇನ್ನೊಂದು ಲೆಟರ್‌ಹೆಡ್‌ನಲ್ಲಿ ಆರಂಕಿಯ ಪಿನ್ ಕೋಡ್ ಇತ್ತು! ಪಿನ್ ಕೋಡ್ ಬಂದಿದ್ದೇ 1972ರಲ್ಲಿ ಅಲ್ವಾ? ಹಾಗೇ, ಆಣೆ, ಪೈ ಬದಲು ನಯಾಪೈಸೆ ಬಂದಿದ್ದು 1957ರ ಏಪ್ರಿಲ್‌ನಲ್ಲಿ. ಬಿಲ್ಲಿನ ಲೆಕ್ಕ ನೋಡಿದರೆ ಕಾಲ ತಿಳಿಯುತ್ತದೆ. ಇದನ್ನು ಹೇಳಿದಾಗ ಅಂಗಡಿಯವರು ನಕ್ಕು ಚಹಾ ತರಿಸಿದರು, ರೇಟು ಮಾತ್ರ ಇಳಿಸಲಿಲ್ಲ.

ಸೆಲೋಟೇಪ್ ಅಂಟಿಸಿದ ಕಾಗದ ಸುಮ್ನೆ ಕೊಟ್ಟರೂ ಬೇಡ, ಅದರ ಅಂಟು ಕಲೆ ಮಾಡಿ ಕಾಗದವನ್ನೇ ಹಾಳು ಮಾಡುತ್ತದೆ. ಐದಕ್ಕೆ ಮೂರೂವರೆ ಸ್ಟಾರ್. ಶುಕ್ರವಾರ ಹೋಗಬೇಡಿ, ಅಂಗಡಿ ಮುಚ್ಚಿರುತ್ತದೆ.