ಕ್ರುಯ್ಸ್‌ಸ್ಟ್ರಾಟ್‌ನ ಮೊರೊಕ್ಕೊ ಹೋಟೆಲ್: ಊಟಕ್ಕೆ ನಾಲ್ಕು ಸ್ಟಾರ್, ಮ್ಯಾಚ್ ದಿನದ ಸರ್ವಿಸ್‌ಗೆ ಎರಡು

ಸಸ್ಯಾಹಾರಿಗಳಿಗೆ ಇಂಡಿಯನ್ ಬಿಟ್ಟು ಬೇರೆ ಏನು ಸಿಗುತ್ತೆ ಅಂತ ನೆದರ್‌ಲ್ಯಾಂಡ್ಸ್‌ನ ಐಂಡ್‌ಹೋವನ್‌ನ ಕನ್ನಡದವರ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಆಗಾಗ ಕೇಳ್ತಾ ಇರ್ತಾರೆ. ಅವರಿಗಾಗಿ ಇದು. ಇಲ್ಲಿನ ಕ್ರುಯ್ಸ್‌ಸ್ಟ್ರಾಟ್ ಬೀದಿಯಲ್ಲಿ ಸಣ್ಣದೊಂದು ಮೊರೊಕ್ಕೊ ಹೋಟೆಲ್ ಇದೆ. "ಇರೋದೇ ಆರು ಟೇಬಲ್, ಹೆಸರು ಹಾಕಬೇಡಿ" ಅಂದರು ಮಾಲೀಕರು. ಹಾಗಾಗಿ ಹಾಕಿಲ್ಲ. ಕಿಟಕಿಯಲ್ಲಿ ಮೊರೊಕ್ಕೊ ಬಾವುಟ, ಪಕ್ಕದಲ್ಲೇ ಈ ಊರಿನ ಫುಟ್‌ಬಾಲ್ ಕ್ಲಬ್ ಪಿಎಸ್‌ವಿಯ ಶಾಲು. ಗುರುತು ಸಿಗುತ್ತೆ.

ಮೊದಲು ಬಿಸಾರಾ ತಗೊಳ್ಳಿ. ಒಣಗಿದ ಫಾವಾ ಕಾಳು ಬೇಯಿಸಿ ನುಣ್ಣಗೆ ಮಾಡಿದ ಗಟ್ಟಿ ಸೂಪ್, ಮೇಲೆ ಆಲಿವ್ ಎಣ್ಣೆ, ಜೀರಿಗೆ ಪುಡಿ. ಜೊತೆಗೆ ಪದರ ಪದರವಾಗಿ ಬಿಡುವ ಬಿಸಿ ಮ್ಸೆಮೆನ್ ರೊಟ್ಟಿ. ಬದನೆಕಾಯಿಯ ಗೊಜ್ಜಿನಂಥ ಝಾಲೂಕ್ ಕೂಡ ಚೆನ್ನಾಗಿದೆ, ಬೆಳ್ಳುಳ್ಳಿ ಸ್ವಲ್ಪ ಮುಂದೆ ನಿಲ್ಲುತ್ತದೆ. ಹರೀರಾ ಸೂಪಿನಲ್ಲಿ ಸಾಮಾನ್ಯವಾಗಿ ಮಾಂಸ ಇರುತ್ತದೆ, ಕೇಳಿಕೊಂಡೇ ತಗೊಳ್ಳಿ. ಪುದೀನ ಟೀಗೆ ಸಕ್ಕರೆ ಜಾಸ್ತಿ. ಕಡಿಮೆ ಹಾಕಿ ಅಂದರೂ ಅಷ್ಟೇ.

ಇನ್ನು ಸರ್ವಿಸ್. ಪಿಎಸ್‌ವಿ ಮ್ಯಾಚ್ ಇದ್ದರೆ ದೇವರೇ ಗತಿ. ಮೊರೊಕ್ಕೊ ತಂಡದ ಆಟಗಾರ ಇಸ್ಮಾಯಿಲ್ ಸೈಬಾರಿ ಕಾಲಿಗೆ ಚೆಂಡು ಬಂತು ಅಂದರೆ ಟೀ ಬಗ್ಗಿಸುತ್ತಿರುವ ಹುಡುಗನ ಕೈ ಅಲ್ಲೇ ಮೇಲೆ ನಿಲ್ಲುತ್ತದೆ. ಲೋಟ ತುಂಬಿ ಟ್ರೇಗೆ ಹರಿದರೂ ಕಣ್ಣು ಮಾತ್ರ ಟಿವಿ ಮೇಲೆ!

ಆದರೆ ಅಲ್ಲಿ ಫುಟ್‌ಬಾಲ್ ಪಾಠ ಪುಕ್ಕಟೆ. ಸೈಬಾರಿ ಹುಟ್ಟಿದ್ದು ಸ್ಪೇನ್‌ನ ತೆರ್ರಾಸಾದಲ್ಲಿ, ಬೆಳೆದದ್ದು ಬೆಲ್ಜಿಯಂನಲ್ಲಿ. ಗೆಂಕ್ ಕ್ಲಬ್‌ನ ಯುವ ತಂಡದಿಂದ 2020ರಲ್ಲಿ ಪಿಎಸ್‌ವಿಗೆ ಬಂದ. "ನಮ್ಮ ಹುಡುಗನೇ, ಆದರೆ ಊರಿಂದ ಹೊರಟವರ ಕಷ್ಟವೇ ಬೇರೆ" ಅನ್ನೋದು ಮಾಲೀಕರ ವಾದ. ಅವರ ಲೆಕ್ಕದಲ್ಲಿ ಮೊರೊಕ್ಕೊದಲ್ಲೇ ಹುಟ್ಟಿ ಬೆಳೆದ ಆಟಗಾರ ಅಝ್ಝೆದಿನ್ ಔನಾಹಿಯೇ ದೊಡ್ಡವನು. ಅಲ್ಲಿನ ಸಲೆ ಊರಿನ ಮೊಹಮ್ಮದ್ VI ಫುಟ್‌ಬಾಲ್ ಅಕಾಡೆಮಿಯಲ್ಲಿ ಕಲಿತು ಫ್ರಾನ್ಸ್‌ಗೆ ಬಂದ. ಸ್ಟ್ರಾಸ್‌ಬರ್ಗ್ ಕ್ಲಬ್‌ನ ಮೊದಲ ತಂಡದಲ್ಲಿ ಜಾಗ ಸಿಗಲಿಲ್ಲ. ಮೂರನೇ ದರ್ಜೆಯ ಅವ್ರಾಂಶ್ ಕ್ಲಬ್‌ಗೆ ಇಳಿದು, ಅಲ್ಲಿಂದ ಮೊದಲ ದರ್ಜೆಯ ಆಂಜೆಗೆ ಹತ್ತಿದ. 2022ರ ವಿಶ್ವಕಪ್‌ನಲ್ಲಿ ಸ್ಪೇನ್ ಮೊರೊಕ್ಕೊಗೆ ಸೋತ ಮೇಲೆ ಅವರ ಕೋಚ್ ಲೂಯಿಸ್ ಎನ್ರಿಕೆಯೇ ಈ 8ನೇ ನಂಬರಿನವನು ಎಲ್ಲಿಂದ ಬಂದ ಅಂತ ಬೆರಗಾಗಿದ್ದರು. ವರ್ಕ್ ಪರ್ಮಿಟ್ ಮೇಲೆ ಬಂದಿರುವ ನಾನು ಸಹಜವಾಗಿ ಮಾಲೀಕರ ಕಡೆ.

ಟೀ ಹುಡುಗ ಒಪ್ಪಲ್ಲ. ಅವನು ಹುಟ್ಟಿದ್ದು ಇಲ್ಲೇ, ಹಾಗಾಗಿ ಹೊರಗೆ ಹುಟ್ಟಿದವರ ಕಡೆ. ಅಕ್ಟೋಬರ್ 2025ರಲ್ಲಿ ಚಿಲಿಯಲ್ಲಿ ಮೊರೊಕ್ಕೊ ಅರ್ಜೆಂಟೀನಾವನ್ನು 2-0ಯಿಂದ ಸೋಲಿಸಿ 20 ವರ್ಷದೊಳಗಿನವರ ವಿಶ್ವಕಪ್ ಗೆದ್ದಿತಲ್ವಾ? ಮರುದಿನ ಸಂಜೆ ಅದೇ ಆಟ ಮತ್ತೆ ಹಾಕಿದ್ದರು. ಎರಡೂ ಗೋಲು ಯಾಸಿರ್ ಝಬೀರಿಯದು. ಅದೇ ಸಲೆ ಅಕಾಡೆಮಿಯ ಹುಡುಗ, ಆಗ ಪೋರ್ಚುಗಲ್‌ನ ಫಮಾಲಿಕಾಂವ್ ಕ್ಲಬ್‌ನಲ್ಲಿದ್ದ. ಎರಡನೇ ಗೋಲಿಗೆ ಚೆಂಡು ಕೊಟ್ಟವನು ಒಥ್ಮಾನ್ ಮಾಮ್ಮಾ. ಫ್ರಾನ್ಸ್‌ನಲ್ಲಿ ಹುಟ್ಟಿ, ಮೊಂಪೆಲಿಯೇ ಕ್ಲಬ್‌ನಲ್ಲಿ ಬೆಳೆದು ಇಂಗ್ಲೆಂಡಿನ ವಾಟ್‌ಫರ್ಡ್ ಸೇರಿದವನು. ಟೂರ್ನಿಯ ಅತ್ಯುತ್ತಮ ಆಟಗಾರನಿಗೆ ಕೊಡುವ ಗೋಲ್ಡನ್ ಬಾಲ್ ಕೂಡ ಅವನಿಗೇ. "ಅವನು ಕೊಡದಿದ್ದರೆ ಇವನು ಹೊಡೀತಿದ್ನಾ?" ಅಂದ ಹುಡುಗ. ಮಾಲೀಕರು ಉತ್ತರ ಕೊಡದೆ ಅವನನ್ನು ಒಳಗೆ ಪಾತ್ರೆ ತೊಳೆಯೋಕೆ ಕಳಿಸಿದರು.

ಬಿಸಾರಾ, ಮ್ಸೆಮೆನ್, ಟೀ ಸೇರಿ 12 ಯೂರೋ ಒಳಗೇ ಆಗುತ್ತೆ. ಶುಕ್ರವಾರದ ಕುಸ್‌ಕುಸ್ ಬೇಗ ಖಾಲಿ. ಮ್ಯಾಚ್ ದಿನ ಹೋಗೋದಾದರೆ ಆಟ ಶುರುವಾಗೋ ಮೊದಲೇ ಆರ್ಡರ್ ಕೊಡಿ, ಬಿಲ್ ಹಾಫ್‌ಟೈಮ್‌ನಲ್ಲಿ ಕೇಳಿ. ಆಮೇಲೆ ಕೇಳಿದರೆ ಯಾರೂ ತಿರುಗಿಯೂ ನೋಡಲ್ಲ.